ಹಳೇ ರಾಕ್ ಆಲ್ಬಂನ ರೀಮಾಸ್ಟರ್ (ಹಳೇ ರೆಕಾರ್ಡಿಂಗ್‌ನ ದನಿಯನ್ನು ಮತ್ತೆ ಹದಮಾಡಿ ಹೊರತಂದದ್ದು) ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಮೊದಲು ಹಳೆಯದು, ಹೊಸದು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿ ಕೇಳಿದ್ದೇ ಚೆಂದ ಅಂತ ಕಿವಿ ಸುಲಭವಾಗಿ ಮೋಸ ಹೋಗುತ್ತದೆ. 1990ರ ನಂತರದ ಎಷ್ಟೋ ರೀಮಾಸ್ಟರ್‌ಗಳಲ್ಲಿ ಮೆಲುದನಿಯನ್ನೂ ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಟ್ಟಿದ್ದಾರೆ. ಯಕ್ಷಗಾನದ ಆಟದಲ್ಲಿ ಚೆಂಡೆ ರಾತ್ರಿಯಿಡೀ ಒಂದೇ ಸಮ ಬಡಿದ ಹಾಗೆ! ಭಾಗವತರ ಪದಕ್ಕೆ ಬರೀ ಮದ್ದಳೆ ಇದ್ದು, ಆಮೇಲೆ ಚೆಂಡೆಯ ಪೆಟ್ಟು ಬಿದ್ದಾಗಲೇ ಅಲ್ವಾ ಮೈ ಜುಮ್ಮೆನ್ನುವುದು? ಹೊಸ ಆಲ್ಬಂಗಳಿಗೂ ಈ ಕಾಯಿಲೆ ಇದೆ. ಮೆಟಾಲಿಕಾ ಬ್ಯಾಂಡ್‌ನ 2008ರ 'ಡೆತ್ ಮ್ಯಾಗ್ನೆಟಿಕ್' ಬಗ್ಗೆ ಅಭಿಮಾನಿಗಳೇ ದೂರಿದ್ದರು.

ನಾನು ಪಿಂಕ್ ಫ್ಲಾಯ್ಡ್‌ನ 'ಟೈಮ್' (1973) ಹಾಡು ಹಾಕಿ ನೋಡುತ್ತೇನೆ. ಶುರುವಿನ ಗಡಿಯಾರಗಳ ಸದ್ದು ಬೆಚ್ಚಿಬೀಳಿಸಬೇಕು. ಉಡುಪಿಯ ಜುಲೈ ಮಳೆ ತಗಡಿನ ಶೀಟಿನ ಮೇಲೆ ಸುರಿಯುತ್ತಿದ್ದರೆ ಮಾತ್ರ ಹೆಡ್‌ಫೋನ್ ಬೇಕೇ ಬೇಕು.