ಸೇನಾ ವೈದ್ಯರಾಗಿದ್ದ ಜೇಮ್ಸ್ ಮೆಕ್‌ಹೆನ್ರಿ ರಾಜಕಾರಣಿಯಾದದ್ದು ಹೇಗೆ?

ಐರ್ಲೆಂಡಿನ ಬ್ಯಾಲಿಮೀನಾದಲ್ಲಿ 1753ರಲ್ಲಿ ಹುಟ್ಟಿದ ಮೆಕ್‌ಹೆನ್ರಿ, 1771ರಲ್ಲಿ ಅಮೆರಿಕಕ್ಕೆ ಬಂದು, ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಬೆಂಜಮಿನ್ ರಶ್ ಅವರ ಬಳಿ ವೈದ್ಯಕೀಯ ಕಲಿತರು. ಸ್ವಾತಂತ್ರ್ಯ ಸಮರದಲ್ಲಿ ಶಸ್ತ್ರವೈದ್ಯರಾಗಿ ಸೇನೆ ಸೇರಿದ ಅವರು, 1776ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೋರ್ಟ್ ವಾಷಿಂಗ್ಟನ್ ಕೋಟೆ ಬಿದ್ದಾಗ ಬ್ರಿಟಿಷರಿಗೆ ಸೆರೆಸಿಕ್ಕರು. ಬಿಡುಗಡೆಯ ಬಳಿಕ 1778ರಲ್ಲಿ ಜನರಲ್ ವಾಷಿಂಗ್ಟನ್ ಅವರ ಕಾರ್ಯದರ್ಶಿಗಳಲ್ಲಿ ಒಬ್ಬರಾದದ್ದೇ, ನನ್ನ ದೃಷ್ಟಿಯಲ್ಲಿ, ಅವರ ಬದುಕಿನ ನಿಜವಾದ ತಿರುವು.

1787ರಲ್ಲಿ ಅವರು ಮೇರಿಲ್ಯಾಂಡಿನ ಪ್ರತಿನಿಧಿಯಾಗಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು. ಸಂವಿಧಾನವನ್ನು ರೂಪಿಸಿದ ಸಮಾವೇಶದ ಕುರಿತು ಅವರು ಬರೆದಿಟ್ಟ ಟಿಪ್ಪಣಿಗಳು ಅವರ ಬಹುದೊಡ್ಡ ಕೊಡುಗೆ: ನಮಗೆ ದೊರೆತದ್ದು ಗಣರಾಜ್ಯವೋ ರಾಜಪ್ರಭುತ್ವವೋ ಎಂದು ಮಹಿಳೆಯೊಬ್ಬರು ಕೇಳಿದಾಗ, ಉಳಿಸಿಕೊಳ್ಳಬಲ್ಲಿರಾದರೆ ಗಣರಾಜ್ಯ ಎಂದು ಬೆಂಜಮಿನ್ ಫ್ರಾಂಕ್ಲಿನ್ ಉತ್ತರಿಸಿದ ಪ್ರಸಂಗ ನಮಗೆ ತಿಳಿದಿರುವುದು ಆ ಟಿಪ್ಪಣಿಗಳಿಂದಲೇ.

ಬೇರೆ ಕೆಲವರು ನಿರಾಕರಿಸಿದ ಮೇಲೆ, 1796ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಮೆಕ್‌ಹೆನ್ರಿಯವರನ್ನು ಯುದ್ಧ ಕಾರ್ಯದರ್ಶಿಯಾಗಿ, ಅಂದರೆ ಸೇನಾ ವ್ಯವಹಾರಗಳ ಸಚಿವರಾಗಿ, ನೇಮಿಸಿದರು. ಮುಂದಿನ ಅಧ್ಯಕ್ಷ ಜಾನ್ ಆಡಮ್ಸ್ ಕೂಡ ಮೆಕ್‌ಹೆನ್ರಿಯವರನ್ನೇ ಮುಂದುವರಿಸಿದರಾದರೂ, ತಮ್ಮ ರಾಜಕೀಯ ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ಗೆ ಅವರು ನಿಷ್ಠರೆಂದು ಕೆರಳಿ, 1800ರ ಮೇ ತಿಂಗಳಲ್ಲಿ ರಾಜೀನಾಮೆ ಪಡೆದರು. ಬಾಲ್ಟಿಮೋರ್ ಬಂದರಿನ ಕೋಟೆಗೆ ಮೆಕ್‌ಹೆನ್ರಿಯವರ ಹೆಸರನ್ನೇ ಇಡಲಾಗಿದೆ. 1814ರಲ್ಲಿ ಅದು ಬ್ರಿಟಿಷ್ ನೌಕಾಪಡೆಯ ಸುಮಾರು 25 ಗಂಟೆಗಳ ಗುಂಡಿನ ದಾಳಿಯನ್ನು ತಾಳಿಕೊಂಡದ್ದನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಕವಿತೆ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು.