ಮೊದಲು ತಿಂಗಳು, ಆಮೇಲೆ ದ್ವೀಪ

ಕಡಲತೀರ, ಕಾಡು ಮತ್ತು ಸಂಸ್ಕೃತಿ ಮೂರನ್ನೂ ಒಂದೇ ಪ್ರವಾಸದಲ್ಲಿ ಕಾಣಬೇಕೆಂಬ ಆಸೆಯಿಂದ ಉಷ್ಣವಲಯದ ದ್ವೀಪಗಳಿಗೆ ಹೊರಡಲು ಸಿದ್ಧರಾಗುತ್ತಿರುವ ಓದುಗರ ಪ್ರಶ್ನೆಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಡಲಾಗಿದೆ.

ಪ್ರಶ್ನೆ: ನಮಗೆ ಹತ್ತು ದಿನಗಳ ರಜೆ ಇದೆ. ಶ್ರೀಲಂಕಾ, ಬಾಲಿ, ಮಾರಿಷಸ್, ಅಂಡಮಾನ್ ಎಂದು ನಾಲ್ಕು ಹೆಸರು ಬರೆದಿಟ್ಟುಕೊಂಡು ಮನೆಯವರೆಲ್ಲ ಚರ್ಚಿಸುತ್ತಿದ್ದೇವೆ, ಆದರೆ ಒಮ್ಮತ ಮೂಡುತ್ತಿಲ್ಲ. ಇವುಗಳಲ್ಲಿ ಯಾವುದು ಉತ್ತಮ?

ಉತ್ತರ: ನಾಲ್ಕೂ ಉತ್ತಮವೇ, ಆದರೆ ಎಲ್ಲ ತಿಂಗಳಲ್ಲೂ ಅಲ್ಲ. ನಿಮ್ಮ ರಜೆ ಯಾವ ತಿಂಗಳಲ್ಲಿ ಎಂಬುದನ್ನು ನೀವು ತಿಳಿಸಿಲ್ಲ; ಉಳಿದ ನಿರ್ಧಾರಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಉಷ್ಣವಲಯದಲ್ಲಿ ಚಳಿ ಮತ್ತು ಬೇಸಿಗೆಗಳ ನಡುವಿನ ಅಂತರ ಕಡಿಮೆ. ಅಲ್ಲಿ ಋತುವನ್ನು ನಿರ್ಧರಿಸುವುದು ಗಾಳಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯ ತೀರದಲ್ಲಿ ಮಳೆಯೂ ಅಲೆಯೂ ಜೋರಾಗಿರುತ್ತವೆ. ಅದೇ ದಿನ ದ್ವೀಪದ ಇನ್ನೊಂದು ಮಗ್ಗುಲಲ್ಲಿ ಕಡಲು ಶಾಂತವಾಗಿರಬಹುದು. ಹವಾಯಿಯ ಕೌವಾಯಿ ದ್ವೀಪದ ನಡುವಿರುವ ವೈಅಲೆಅಲೆ ಬೆಟ್ಟದ ಮೇಲೆ ವರ್ಷಕ್ಕೆ 9,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಆದರೆ ಬೆಟ್ಟ ಗಾಳಿಯನ್ನು ತಡೆಯುವುದರಿಂದ ಅದೇ ದ್ವೀಪದ ಪಶ್ಚಿಮ ತೀರ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ.

ಶ್ರೀಲಂಕಾದಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಗಾಲೆ, ಮಿರಿಸ್ಸ, ಬೆಂತೋಟಗಳಿರುವ ನೈರುತ್ಯ ತೀರಕ್ಕೆ ನೇರವಾಗಿ ಬಂದು ಬಡಿಯುತ್ತದೆ. ಆಗ ಪೂರ್ವದ ತ್ರಿಂಕೋಮಲಿ ಮತ್ತು ಪಾಸಿಕುಡಾ ತೀರಗಳು ಈಜಲು ಹೇಳಿ ಮಾಡಿಸಿದಂತಿರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ತಿಮಿಂಗಿಲ ನೋಡಲು ಹೋಗುವ ದೋಣಿಗಳು ಕೂಡ ವರ್ಷದ ಆರಂಭದಲ್ಲಿ ಮಿರಿಸ್ಸದಿಂದ, ನಡುವರ್ಷದಲ್ಲಿ ತ್ರಿಂಕೋಮಲಿಯಿಂದ ಹೊರಡುತ್ತವೆ. ಅಂಡಮಾನಿಗೆ ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ ಇರುತ್ತದೆ. ಮಾರಿಷಸ್ ದಕ್ಷಿಣಾರ್ಧ ಗೋಳದಲ್ಲಿರುವುದರಿಂದ ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವೆ ತಂಪಾಗಿ ಹಿತವಾಗಿದ್ದರೂ ಪೂರ್ವ ತೀರದಲ್ಲಿ ಗಾಳಿ ಬಿಡದೆ ಬೀಸುವುದರಿಂದ ವಾಸ್ತವ್ಯಕ್ಕೆ ಪಶ್ಚಿಮ ಅಥವಾ ಉತ್ತರದ ತೀರವನ್ನು ಆರಿಸಿಕೊಳ್ಳುವುದು ಜಾಣತನ.

ಚಂಡಮಾರುತದ ಭಯವೇ ಮುಖ್ಯವಾಗಿದ್ದರೆ ಇನ್ನೊಂದು ಸಂಗತಿ ನೆನಪಿರಲಿ. ಭೂಮಧ್ಯರೇಖೆಯಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ, ಏಕೆಂದರೆ ಭೂಮಿಯ ಆವರ್ತನೆಯಿಂದ ಗಾಳಿ ಸುರುಳಿ ಸುತ್ತುವ ಪರಿಣಾಮ ಅಲ್ಲಿ ತೀರಾ ದುರ್ಬಲ. ಸೆಶೆಲ್ಸ್‌ನ ಮಾಹೆ, ಪ್ರಾಲಿನ್ ದ್ವೀಪಗಳಿಗೆ ಚಂಡಮಾರುತದ ಕಾಟ ವಿರಳವಾಗಿರುವುದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ವಸತಿಗೃಹಗಳು ಕೊಡುವ ರಿಯಾಯಿತಿ ಆಕರ್ಷಕವಾಗಿ ಕಾಣುತ್ತದೆ. ಕಾಡು, ಜಲಪಾತ, ದೇಗುಲಗಳನ್ನೇ ನೋಡುವವರಿಗೆ ಅದು ನಿಜಕ್ಕೂ ಲಾಭ. ಕಡಲಿಗಾಗಿಯೇ ಹೋಗುವವರು ಮಾತ್ರ ಆ ಆಸೆಗೆ ಬೀಳಬಾರದು. ಕದಡಿದ ನೀರಿನಲ್ಲಿ ಹವಳವೂ ಕಾಣುವುದಿಲ್ಲ, ದೋಣಿಯೂ ಹೊರಡುವುದಿಲ್ಲ.

ಪ್ರಶ್ನೆ: ಅಷ್ಟು ದೂರ ಹೋದ ಮೇಲೆ ಒಂದೇ ವಾರದಲ್ಲಿ ನಾಲ್ಕೈದು ದ್ವೀಪಗಳನ್ನು ನೋಡಿಬಿಡಬಹುದಲ್ಲವೇ?

ಉತ್ತರ: ಬೇಡ. ದೊಡ್ಡ ದ್ವೀಪವಾದರೆ ಒಂದು, ಚಿಕ್ಕವಾದರೆ ಎರಡು ಸಾಕು. ಒಂದು ದ್ವೀಪದಿಂದ ಇನ್ನೊಂದಕ್ಕೆ ಫೆರಿ ಎರಡೇ ಗಂಟೆಯಲ್ಲಿ ತಲುಪಿದರೂ ಕೋಣೆ ತೆರವು ಮಾಡಿ, ಬಂದರಿನಲ್ಲಿ ಕಾದು, ಇಳಿದು, ಮತ್ತೊಂದು ಕೋಣೆ ಸೇರುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಉಷ್ಣವಲಯದಲ್ಲಿ ಹಗಲು ವರ್ಷವಿಡೀ ಹೆಚ್ಚುಕಡಿಮೆ 12 ಗಂಟೆಯದು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ಕತ್ತಲಾಗುವುದರಿಂದ ಸಂಜೆ ಉಳಿದದ್ದನ್ನು ನೋಡೋಣ ಎಂಬ ಲೆಕ್ಕವೂ ನಡೆಯುವುದಿಲ್ಲ.

ದಿನಗಳ ಸಂಖ್ಯೆಗಿಂತ ಅವುಗಳ ಕ್ರಮ ಮುಖ್ಯ. ಬೆಟ್ಟ ಮತ್ತು ಕಾಡು ಮೊದಲು, ಕಡಲು ನಡುವೆ, ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಪಟ್ಟಣ ಕೊನೆಗೆ ಎಂಬ ಕ್ರಮವನ್ನು ನಾನು ಶಿಫಾರಸು ಮಾಡುತ್ತೇನೆ. ಇದಕ್ಕೆ ಎರಡು ಕಾರಣಗಳಿವೆ. ಅಲೆ ಹೆಚ್ಚಾದಾಗ ಫೆರಿಗಳು ಮುನ್ಸೂಚನೆಯಿಲ್ಲದೆ ರದ್ದಾಗುತ್ತವೆ. ಹಿಂದಿರುಗುವ ವಿಮಾನದ ದಿನ ಬೆಳಿಗ್ಗೆ ಚಿಕ್ಕ ದ್ವೀಪದಲ್ಲಿ ಸಿಲುಕಿಕೊಂಡರೆ ಮುಂದಿನದ್ದೆಲ್ಲ ಕೈತಪ್ಪುತ್ತದೆ. ಎರಡನೆಯದು ಸ್ಕೂಬಾ ಡೈವಿಂಗ್ ಮಾಡುವವರಿಗೆ ಸಂಬಂಧಿಸಿದ್ದು. ಆಳದಲ್ಲಿ ಉಸಿರಾಡಿದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು, ಅದಕ್ಕೆ ಮೊದಲೇ ಎತ್ತರಕ್ಕೇರಿದರೆ ಅದು ಗುಳ್ಳೆಗಳಾಗಿ ಅಪಾಯ ತರುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮಾಡಿದವರು ಕನಿಷ್ಠ 18 ಗಂಟೆ ಕಾದ ಬಳಿಕವೇ ವಿಮಾನ ಏರಬೇಕು. ಡೈವಿಂಗ್ ಮುಗಿಸಿ ಮರುದಿನ ಬೆಳಗಿನ ಜಾವ ಜ್ವಾಲಾಮುಖಿ ಪರ್ವತ ಹತ್ತುವ ಯೋಜನೆಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ತಿಳಿನೀಲಿಯಾಗಿ ಕಾಣುವ ತೀರಗಳಲ್ಲಿ ಕೆಲವೆಡೆ ಈಜುವಂತಿಲ್ಲ ಎನ್ನುತ್ತಾರೆ. ಒಳ್ಳೆಯ ತೀರವನ್ನು ಗುರುತಿಸುವುದು ಹೇಗೆ?

ಉತ್ತರ: ತೀರದ ಮುಂದೆ ಹವಳದ ದಿಬ್ಬ ಇದೆಯೇ ಎಂದು ಮೊದಲು ನೋಡಿ. ದಡದಿಂದ ಸ್ವಲ್ಪ ದೂರದಲ್ಲಿ ಅಲೆಗಳು ಬಿಳಿಗೆರೆಯಾಗಿ ಒಡೆಯುತ್ತಿದ್ದರೆ ಅಲ್ಲಿ ದಿಬ್ಬವಿದೆಯೆಂದು ಊಹಿಸಬಹುದು. ಅಲೆಯ ಹೊಡೆತವನ್ನು ದಿಬ್ಬವೇ ತಾಳಿಕೊಳ್ಳುವುದರಿಂದ ಅದರ ಒಳಗಿನ ಲಗೂನ್, ಅಂದರೆ ದಿಬ್ಬಕ್ಕೂ ದಡಕ್ಕೂ ನಡುವಿನ ನೀರು, ಆಳವಿಲ್ಲದೆ ಶಾಂತವಾಗಿರುತ್ತದೆ. ಮಾರಿಷಸ್‌ನ ಬಹುಭಾಗದ ಸುತ್ತ ಇಂತಹ ಆವರಣವಿದೆ. ದಕ್ಷಿಣದ ಗ್ರಿ ಗ್ರಿಯಲ್ಲಿ ಅದು ಇಲ್ಲದಿರುವುದರಿಂದ ಅಲ್ಲಿ ಅಲೆಗಳು ನೇರವಾಗಿ ಬಂಡೆಗೆ ಅಪ್ಪಳಿಸುತ್ತವೆ. ಆ ಜಾಗ ನಿಂತು ನೋಡಲು ಭವ್ಯ, ಈಜಲು ಅಲ್ಲ.

ಬಿಳಿ ಮರಳಿನ ತೀರದಲ್ಲಿ ನೀವು ಕೈಗೆತ್ತಿಕೊಳ್ಳುವ ಹಿಡಿ ಮರಳಿನ ಒಂದು ಪಾಲು ಗಿಳಿಮೀನುಗಳ ದೇಹದೊಳಗಿನಿಂದ ಬಂದದ್ದು. ಹವಳದ ಮೇಲಿನ ಪಾಚಿಗಾಗಿ ಇವು ಗಿಳಿಯ ಕೊಕ್ಕಿನಂತಹ ಹಲ್ಲುಗಳಿಂದ ಹವಳವನ್ನೇ ಕೆರೆದು ನುಂಗಿ, ಅರೆದು, ಮರಳಾಗಿ ಹೊರಹಾಕುತ್ತವೆ. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಉಂಟುಮಾಡಬಲ್ಲದು. ಮುಖವನ್ನು ನೀರಿನಲ್ಲಿಟ್ಟು ಅಲ್ಲಾಡದೆ ತೇಲಿದರೆ ಅವು ಹವಳ ಕೆರೆಯುವ ಕರಕರ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ; ಆ ಸದ್ದು ಕೇಳಿಸಿದರೆ ಅಲ್ಲಿನ ದಿಬ್ಬದಲ್ಲಿ ಜೀವವಿದೆ ಎಂದು ಸಂತೋಷಪಡಿ.

ಉಬ್ಬರ ಇಳಿತದ ವೇಳೆಯನ್ನು ಪ್ರತಿದಿನ ವಿಚಾರಿಸಿಕೊಳ್ಳಿ. ಅಂಡಮಾನಿನ ಶಹೀದ್ ದ್ವೀಪದಲ್ಲಿರುವ ಸಹಜ ಕಲ್ಲಿನ ಕಮಾನನ್ನು ಇಳಿತದಲ್ಲಿ ಮಾತ್ರ ನಡೆದು ತಲುಪಬಹುದು; ಆಳವಿಲ್ಲದ ಲಗೂನಿನಲ್ಲಿ ಹವಳಕ್ಕೆ ಮೈತಾಗದಂತೆ ಈಜಲು ಉಬ್ಬರವೇ ಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಅತಿ ಹೆಚ್ಚು.

ದಿಬ್ಬವಿಲ್ಲದ ತೆರೆದ ತೀರದಲ್ಲಿ ಅಲೆಗಳ ಸಾಲಿನ ನಡುವೆ ಒಂದೆಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಯಬೇಡಿ. ದಡಕ್ಕೆ ಬಂದ ನೀರು ಒಳಗಡಲಿಗೆ ಹಿಂತಿರುಗುವ ದಾರಿ ಬಹುಮಟ್ಟಿಗೆ ಅದೇ. ಆ ಸೆಳೆತಕ್ಕೆ ಸಿಕ್ಕರೆ ದಡದತ್ತ ಹೋರಾಡಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ನಂತರ ದಡದ ಕಡೆಗೆ ತಿರುಗಬೇಕು.

ಪ್ರಶ್ನೆ: ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ತೇಲಿ ಹವಳ ನೋಡುವ ಸ್ನಾರ್ಕೆಲಿಂಗ್ ಅನ್ನು ಮೊದಲ ಬಾರಿಗೆ ಮಾಡಲಿದ್ದೇವೆ. ಹವಳಕ್ಕೆ ಹಾನಿಯಾಗದಂತೆ ಏನು ಮಾಡಬೇಕು?

ಉತ್ತರ: ಹವಳದ ಮೇಲೆ ಕಾಲೂರದಿರುವುದೇ ಮೊದಲ ನಿಯಮ. ಮೇಲ್ನೋಟಕ್ಕೆ ಕಲ್ಲಿನಂತೆ ಕಂಡರೂ ಅದು ಜೀವಿಗಳ ವಸಾಹತು. ಗುಂಡು ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ. ಈಜುಗನ್ನಡಕದೊಳಗೆ ನೀರು ನುಗ್ಗಿದಾಗ ಗಾಬರಿಯಿಂದ ನಿಂತುಬಿಡುವುದು ಹೊಸಬರ ಸಹಜ ಪ್ರತಿಕ್ರಿಯೆ. ಆದ್ದರಿಂದ ಮೊದಲ ಅರ್ಧ ದಿನವನ್ನು ಮರಳಿನ ತಳವಿರುವ, ಸೊಂಟದ ಮಟ್ಟದ ನೀರಿನಲ್ಲಿ ಅಭ್ಯಾಸಕ್ಕೆ ಕೊಟ್ಟು, ಕೊಳವೆಯಲ್ಲಿ ಉಸಿರಾಡುವುದೂ ನೀರನ್ನು ಊದಿ ಹೊರಹಾಕುವುದೂ ರೂಢಿಯಾದ ಮೇಲೆ ದಿಬ್ಬದ ಕಡೆಗೆ ಹೋಗಿ.

ಸನ್‌ಸ್ಕ್ರೀನ್‌ಗಿಂತ ತೋಳು ತುಂಬಿದ ಈಜು ಅಂಗಿ ಮೇಲು. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆನ್ಝೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರಲ್ಲೇ ಇಂತಹ ನಿಷೇಧ ತಂದಿತ್ತು. ಇದಕ್ಕಿಂತ ದೊಡ್ಡ ಅಪಾಯ ಕಡಲಿನ ಬಿಸಿ. ನೀರು ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ವಾರಗಟ್ಟಲೆ ಉಳಿದರೆ ಹವಳ ತನಗೆ ಆಹಾರ ಒದಗಿಸುವ ಪಾಚಿಯನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ಹವಳ ಬಿಳಿಚುತ್ತಿರುವ ನಾಲ್ಕನೆಯ ಘಟ್ಟವನ್ನು ವಿಜ್ಞಾನಿಗಳು 2024ರಲ್ಲಿ ಘೋಷಿಸಿದರು. ಆದ್ದರಿಂದ ದೋಣಿ ಗೊತ್ತುಮಾಡುವ ಮುನ್ನ ದಿಬ್ಬದ ಈಗಿನ ಸ್ಥಿತಿ ಹೇಗಿದೆ ಎಂದು ನೇರವಾಗಿ ಕೇಳಿ; ದಿಬ್ಬಕ್ಕೆ ಲಂಗರು ಎಸೆಯದೆ ತೇಲುಬುರುಡೆಗೆ ದೋಣಿ ಕಟ್ಟುವವರನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಹೋಟೆಲಿನ ನೃತ್ಯ ಪ್ರದರ್ಶನವನ್ನು ನೋಡಿ ಬಂದರೆ ಅಲ್ಲಿನ ಸಂಸ್ಕೃತಿಯನ್ನು ಕಂಡಂತಾಗುತ್ತದೆಯೇ?

ಉತ್ತರ: ಆಗುವುದಿಲ್ಲ, ಆದರೆ ನೃತ್ಯವನ್ನು ಬಿಡಬೇಕಾಗಿಯೂ ಇಲ್ಲ, ಅದಕ್ಕೆ ಮುಂಚೆ ನೋಡಬೇಕಾದದ್ದನ್ನು ನೋಡಿರಬೇಕು. ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಅಪ್ರವಾಸಿ ಘಾಟ್ ಇದೆ. 1834ರಿಂದ ಆರಂಭಿಸಿ 1920ರವರೆಗೆ ಸುಮಾರು ಐದು ಲಕ್ಷ ಭಾರತೀಯ ಕರಾರು ಕೂಲಿಗಳು ಬಂದಿಳಿದದ್ದು ಇಲ್ಲಿಯೇ. ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಇಂದಿಗೂ ಉಳಿದಿವೆ. ಯುನೆಸ್ಕೋ 2006ರಲ್ಲಿ ಇದನ್ನೂ, ತಪ್ಪಿಸಿಕೊಂಡ ಗುಲಾಮರು ಆಶ್ರಯ ಪಡೆದಿದ್ದ ಲೆ ಮೋರ್ನ್ ಬೆಟ್ಟವನ್ನು 2008ರಲ್ಲೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಎರಡನ್ನೂ ಕಂಡ ಬಳಿಕ ಗುಲಾಮರ ನಡುವೆ ಹುಟ್ಟಿದ ಸೆಗಾ ಹಾಡು ಕುಣಿತವನ್ನು ನೋಡಿ. ಮೇಕೆ ಚರ್ಮದ ರವಾನ್ ವಾದ್ಯವನ್ನು ನುಡಿಸುವ ಮುನ್ನ ಬೆಂಕಿಗೆ ಹಿಡಿದು ಚರ್ಮ ಬಿಗಿಮಾಡುವ ಕ್ಷಣವನ್ನು ತಪ್ಪಿಸಿಕೊಳ್ಳಬೇಡಿ. ಆ ಹಾಡು ಯಾರ ಬದುಕಿನದು ಎಂಬುದು ಆಗ ನಿಮಗೆ ತಿಳಿದಿರುತ್ತದೆ.

ಸಂಸ್ಕೃತಿಗೂ ಅದರದೇ ಪಂಚಾಂಗವಿದೆ. ಬಾಲಿಯ ನ್ಯೇಪಿ, ಅಂದರೆ ಮೌನದ ದಿನ, ಸಾಮಾನ್ಯವಾಗಿ ಮಾರ್ಚಿನಲ್ಲಿ ಬರುತ್ತದೆ. ಅಂದು ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ, ಪ್ರವಾಸಿಗರೂ ಬೀದಿಗಿಳಿಯುವಂತಿಲ್ಲ. ಇದನ್ನು ತೊಂದರೆಯೆಂದು ಎಣಿಸದೆ, ಹಿಂದಿನ ಸಂಜೆ ಓಗೊ ಓಗೊ ಎಂಬ ಬೃಹತ್ ಬೊಂಬೆಗಳ ಮೆರವಣಿಗೆ ನೋಡಿ, ಮರುದಿನ ಇಡೀ ದ್ವೀಪದೊಂದಿಗೆ ಸುಮ್ಮನಿರುವ ಅವಕಾಶವೆಂದು ತಿಳಿದು ಯೋಜನೆ ಹಾಕಿ. ಜತಿಲುವಿಹ್‌ನ ಮೆಟ್ಟಿಲು ಗದ್ದೆಗಳಲ್ಲಿ ರೈತರು ನೀರು ಹಂಚಿಕೊಳ್ಳುವ ಸುಬಕ್ ಪದ್ಧತಿಗೆ ಜಲದೇಗುಲಗಳೇ ಕೇಂದ್ರ. 2012ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪ್ರಕೃತಿ ಮತ್ತು ಸಂಸ್ಕೃತಿ ಬೇರೆ ಬೇರೆ ದಿನದ ವಿಷಯಗಳಲ್ಲ.

ಸಂಸ್ಕೃತಿ, ಕಾಡು, ಕಡಲು ಮೂರೂ ಕೂಡಿಬರುವ ತಿಂಗಳು ಬೇಕೆಂದರೆ ಶ್ರೀಲಂಕಾದ ಆಗಸ್ಟ್ ನನ್ನ ಆಯ್ಕೆ. ಕ್ಯಾಂಡಿಯ ಎಸಲ ಪೆರಹೆರ ಎಂಬ ಬೌದ್ಧ ಉತ್ಸವದ ಮೆರವಣಿಗೆ ಜುಲೈ ಆಗಸ್ಟ್‌ನಲ್ಲಿ ನಡೆಯುತ್ತದೆ, ಒಣಗಾಲದಲ್ಲಿ ಮಿನ್ನೇರಿಯ ಕೆರೆಯಂಗಳಕ್ಕೆ ಕಾಡಾನೆಗಳು ಹಿಂಡುಹಿಂಡಾಗಿ ಬರುತ್ತವೆ, ಅಲ್ಲಿಂದ ಮುಂದೆ ತ್ರಿಂಕೋಮಲಿಯ ಕಡಲು ತಿಳಿಯಾಗಿರುತ್ತದೆ.

ನೋಡಬಾರದ ಜಾಗಗಳೂ ಇವೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಹೊರಜಗತ್ತಿನ ಸಂಪರ್ಕ ಬಯಸದ ಬುಡಕಟ್ಟು ಜನರಿರುವ, ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದ ಹತ್ತಿರ ಹೋಗುವುದು ಕಾನೂನುಬಾಹಿರ; ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದ ರಸ್ತೆಯಲ್ಲಿ ಅಲ್ಲಿನ ಜನರ ಚಿತ್ರ ತೆಗೆಯುವುದೂ ಅಪರಾಧ. ಮನುಷ್ಯರನ್ನು ತೋರಿಸುತ್ತೇವೆಂದು ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ.

ಪ್ರಶ್ನೆ: ದಡದಲ್ಲಿ ಬಿದ್ದಿರುವ ಹವಳ, ಚಿಪ್ಪುಗಳನ್ನು ನೆನಪಿಗೆಂದು ತರಬಹುದೇ?

ಉತ್ತರ: ತರಬೇಡಿ. ಖಾಲಿ ಚಿಪ್ಪು ಸನ್ಯಾಸಿ ಏಡಿಗಳಿಗೆ ಮನೆ. ಹವಳದ ಸಾಗಣೆಗೆ ಅಂತರರಾಷ್ಟ್ರೀಯ ನಿರ್ಬಂಧಗಳಿವೆ. ಸೆಶೆಲ್ಸ್‌ನ ಜೋಡಿ ತೆಂಗಿನಕಾಯಿ ಕೊಂಡರೂ ಅಧಿಕೃತ ಅನುಮತಿ ಪತ್ರವಿಲ್ಲದೆ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಪ್ರಶ್ನೆ: ಮಂಡಿನೋವಿರುವ ತಾಯಿಯವರೂ ನಮ್ಮೊಂದಿಗೆ ಬರುತ್ತಾರೆ. ಅವರಿಗೆ ಇಂತಹ ಪ್ರವಾಸ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಚಿಕ್ಕ ದ್ವೀಪಗಳಲ್ಲಿ ದೋಣಿ ಎಷ್ಟೋ ಬಾರಿ ದಡದಿಂದ ಆಚೆಯೇ ನಿಂತು, ಮೊಣಕಾಲುದ್ದದ ನೀರಿನಲ್ಲಿ ಇಳಿದು ನಡೆಯಬೇಕಾಗುತ್ತದೆ. ಕಟ್ಟೆಗೆ ತಾಗಿ ನಿಲ್ಲುವ ದೋಣಿಯೇ ಎಂದು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ. ಗಾಜಿನ ತಳದ ದೋಣಿಯಲ್ಲಿ ಕುಳಿತು ಅವರು ಹವಳವನ್ನು ನಿಮ್ಮಷ್ಟೇ ಹತ್ತಿರದಿಂದ ಕಾಣಬಹುದು. ಶ್ರೀಲಂಕಾದ ಸಿಗಿರಿಯ ಬಂಡೆಕೋಟೆಯ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳು ಅವರಿಗೆ ಆಗಲಾರವು. ಗಾಲೆ ಕೋಟೆಯ ಒಳಬೀದಿಗಳು ಬಹುಪಾಲು ಸಮತಟ್ಟಾಗಿದ್ದು ನಿಧಾನವಾಗಿ ನಡೆಯಲು ಅನುಕೂಲವಾಗಿವೆ. ಆಸ್ಪತ್ರೆಯಿರುವ ಮುಖ್ಯ ದ್ವೀಪದಲ್ಲೇ, ನೆಲಮಹಡಿಯ ಕೋಣೆಯಲ್ಲಿ ವಾಸ್ತವ್ಯ ಮಾಡಿ, ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ಹೊರಗೆ ಕರೆದೊಯ್ಯಿರಿ. ಅವರು ನಿತ್ಯ ತೆಗೆದುಕೊಳ್ಳುವ ಔಷಧಿಗಳನ್ನು ಇನ್ನೊಂದು ವಾರಕ್ಕೆ ಆಗುವಷ್ಟು ಹೆಚ್ಚಾಗಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.