ಮೊಬೈಲ್ ಕಿತ್ತುಕೊಂಡರೂ ಒಂಬತ್ತು ವರ್ಷದ ಮಗ ಸ್ಕೂಲ್ ಬ್ಯಾಗ್ ರೆಡಿ ಮಾಡಿಕೊಳ್ಳಲ್ಲ: ಪ್ರತಿಕ್ರಿಯೆ

ಇದಕ್ಕೆ ಕಾರಣ ಬಹುಶಃ ಸೋಮಾರಿತನ ಅಲ್ಲ. ನೆನಪಿಡುವ ಕೆಲಸವನ್ನು ಇಷ್ಟು ದಿನ ನೀವೇ ಮಾಡಿದ್ದೀರಿ, ಅವನು ಮಾಡಬೇಕಾದ ಅಗತ್ಯವೇ ಬಂದಿಲ್ಲ. ಇನ್ನು ಮೊಬೈಲಿಗೂ ಬ್ಯಾಗಿಗೂ ಸಂಬಂಧವೇ ಇಲ್ಲ, ಅಲ್ವಾ? ಕಿತ್ತುಕೊಂಡರೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಅಷ್ಟೇ. ನನ್ನ ಮಗಳ ಜೊತೆ ನಾನೂ ಒಂದು ವರ್ಷ ಹೀಗೇ ಮಾಡಿ ಸೋತಿದ್ದೇನೆ.

ಮೊದಲು, ಜಗಳವಿಲ್ಲದ ಹೊತ್ತಲ್ಲಿ, ಭಾನುವಾರ ಸಂಜೆ ಅಂತಿಟ್ಟುಕೊಳ್ಳಿ, ಕೂತು ಕೇಳಿ: "ಬೆಳಿಗ್ಗೆ ನಮ್ಮಿಬ್ಬರಿಗೂ ಕಷ್ಟ ಆಗ್ತಿದೆ. ಏನು ಮಾಡೋಣ?" ಆಮೇಲೆ ಸುಮ್ನಿರಿ. ಕಷ್ಟ ಇರುವುದು ಇಲ್ಲೇ. ಅವನು ಹೇಳಿದ್ದು ಅರೆಬರೆ ಅನ್ನಿಸಿದರೂ ಒಂದು ವಾರ ಅದನ್ನೇ ಮಾಡಿ ನೋಡಿ. ನನ್ನ ಮಗಳು ರಾತ್ರಿ ಊಟಕ್ಕೆ ಮುಂಚೆ ಬ್ಯಾಗ್ ತುಂಬಿ ಬಾಗಿಲ ಪಕ್ಕ ಇಡ್ತೀನಿ ಅಂದಳು. ಟೈಮ್‌ಟೇಬಲ್ ಅವಳೇ ಬರೆದು ಕಪಾಟಿಗೆ ಅಂಟಿಸಿದಳು. ನಾನು ಬರೆದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ.

ನಂತರ ದಿನಕ್ಕೆ ಒಂದೇ ಸಲ ನೆನಪಿಸಿ, ಅದೂ ಪ್ರಶ್ನೆಯಾಗಿ: "ನಾಳೆ ಯಾವ್ಯಾವ ಪೀರಿಯಡ್ ಇದೆ?" ಪುಸ್ತಕ ಮರೆತರೆ ಸ್ಕೂಲಿಗೆ ಓಡಿಹೋಗಿ ಕೊಡಬೇಡಿ. ಊಟದ ಡಬ್ಬಿ, ಔಷಧಿ ಬೇರೆ ಮಾತು. ಟೀಚರ್‌ಗೆ ಮೊದಲೇ ವಿಷಯ ತಿಳಿಸಿ. ಅಲ್ಲಿ ಹೊಡೆಯುತ್ತಾರೆ ಅನ್ನುವ ಭಯವಿದ್ದರೆ ಧೈರ್ಯವಾಗಿ ಮಾತಾಡಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ಎಷ್ಟು ದಿನ ಬೇಕು ಅಂತ ಹೇಳಲಾರೆ, ಎಲ್ಲ ಮಕ್ಕಳೂ ಒಂದೇ ತರ ಇರಲ್ಲ. ನಮಗೆ ಒಂದೂವರೆ ತಿಂಗಳು ಹಿಡಿಯಿತು. ಮುಂದಿನ ಭಾನುವಾರ ಮತ್ತೆ ಕೂತು, ಯಾವುದು ಸರಿಹೋಗಲಿಲ್ಲ ಅಂತ ಅವನನ್ನೇ ಕೇಳಿ.